ಲಾಕ್‌ಡೌನ್‌ನಲ್ಲಿ ಹುಟ್ಟಿದ ಕೂಸುಗಳ ಉದ್ದ ಕಡಿಮೆಯೇ? ಅಳತೆಯ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಎಂಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ): ನಮಸ್ತೆ ಮೇಡಂ. ಪ್ರಬಂಧಕ್ಕಾಗಿ ಒಂದು ತಾಲ್ಲೂಕು ಆಸ್ಪತ್ರೆಯ ಹೆರಿಗೆ ರಿಜಿಸ್ಟರ್ ನೋಡುತ್ತಿದ್ದೇನೆ. 2019ರ ಏಪ್ರಿಲ್‌ನಿಂದ ಸೆಪ್ಟೆಂಬರ್, 2020ರ ಅದೇ ತಿಂಗಳುಗಳು. ತೂಕ ಹೆಚ್ಚುಕಮ್ಮಿ ಒಂದೇ, ಉದ್ದ ಮಾತ್ರ 2020ರಲ್ಲಿ ಕಡಿಮೆ. ತಲೆಸುತ್ತಳತೆ ಬಹಳ ಕಡೆ ಖಾಲಿ. ಕೊರೊನಾದಿಂದ ಶಿಶುಗಳ ಬೆಳವಣಿಗೆ ಕುಂಠಿತವಾಯಿತು ಅಂತ ಬರೆಯಬಹುದಾ?

ಉತ್ತರ (ನವಜಾತ ಶಿಶು ತಜ್ಞೆ): ಈಗಲೇ ಬೇಡ. ಗರ್ಭದ ಕೊನೆಯ ತಿಂಗಳುಗಳಲ್ಲಿ ಪೋಷಣೆ ಕಡಿಮೆಯಾದರೆ ಮೊದಲು ಇಳಿಯುವುದು ತೂಕ. ಉದ್ದ, ತಲೆ ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ನಿಮ್ಮಲ್ಲಿ ತಿರುಗುಮುರುಗು ಆಗಿದೆ. ಹಾಗಾಗಿ ನನ್ನ ಮೊದಲ ಅನುಮಾನ ಅಳತೆಯ ಮೇಲೆ.

ಉದ್ದ ಅಳೆಯಲು ಇಬ್ಬರು ಬೇಕು. ಒಬ್ಬರು ನೆತ್ತಿ ಇನ್ಫ್ಯಾಂಟೊಮೀಟರಿನ (ಮಗುವನ್ನು ಮಲಗಿಸಿ ಉದ್ದ ಅಳೆಯುವ ಹಲಗೆ) ತಲೆಹಲಗೆಗೆ ತಾಗುವಂತೆ, ಮಗುವಿನ ನೋಟ ನೇರ ಮೇಲಕ್ಕಿರುವಂತೆ ಹಿಡಿಯಬೇಕು. ಇನ್ನೊಬ್ಬರು ಮಂಡಿಗಳನ್ನು ಮೆಲ್ಲಗೆ ಒತ್ತಿ, ಕಾಲ್ಬೆರಳು ಮೇಲ್ಮುಖವಾಗಿಟ್ಟು, ಪಾದದ ಹಲಗೆಯನ್ನು ಹಿಮ್ಮಡಿಗೆ ತಂದು 0.1 ಸೆಂಮೀವರೆಗೆ ಓದಬೇಕು. ಸೋಂಕಿನ ಭಯದಲ್ಲಿ ಒಬ್ಬರೇ ಟೇಪ್ ಹಿಡಿದು ಅಳೆದಿದ್ದರೆ ಮಡಚಿದ ಮಂಡಿಯಿಂದಲೇ ಒಂದೆರಡು ಸೆಂಮೀ ಹೋಯಿತು.

ಪರೀಕ್ಷಿಸಲು ಪಾಂಡರಲ್ ಇಂಡೆಕ್ಸ್ (ಉದ್ದಕ್ಕೆ ಹೋಲಿಸಿದರೆ ಮಗು ಎಷ್ಟು ದುಂಡಗಿದೆ ಎಂಬ ಅಂಕಿ) ಲೆಕ್ಕ ಹಾಕಿ: ಗ್ರಾಂ ತೂಕವನ್ನು 100ರಿಂದ ಗುಣಿಸಿ, ಸೆಂಮೀ ಉದ್ದದ ಘನದಿಂದ ಭಾಗಿಸಿ. 3000 ಗ್ರಾಂ, 49 ಸೆಂಮೀ ಮಗುವಿಗೆ 2.55. ಅದೇ ಮಗುವನ್ನು 47 ಅಂತ ಬರೆದರೆ 2.89. 2020ರ ಕೂಸುಗಳೆಲ್ಲ ಇದ್ದಕ್ಕಿದ್ದಂತೆ ದುಂಡಗಾಗಿ ಕಂಡರೆ ತಪ್ಪು ಟೇಪಿನದು.

ಪ್ರಶ್ನೆ: ಉದ್ದಗಳಲ್ಲಿ 48, 50 ತುಂಬ ಇವೆ ಮೇಡಂ, ದಶಾಂಶವೇ ಇಲ್ಲ. ತೂಕದಲ್ಲೂ 2500, 3000 ಪದೇ ಪದೇ.

ಉತ್ತರ: ಅದು ಅಂದಾಜಿನ ಗುರುತು. 2500ರಲ್ಲಿ ರಾಶಿ ಬಿದ್ದರೆ ಇನ್ನೂ ತೊಂದರೆ, ಯಾಕೆಂದರೆ ಕಡಿಮೆ ತೂಕ ಅಂದರೆ 2500ಕ್ಕಿಂತ ಕೆಳಗೆ. 2460 ಇದ್ದದ್ದು 2500 ಆದ ಕೂಡಲೇ ಆ ಮಗು ಪಟ್ಟಿಯಿಂದಲೇ ಹೊರಗೆ. ಎರಡೂ ವರ್ಷಗಳಲ್ಲಿ ಕೊನೆಯ ಅಂಕಿಗಳ ಹಂಚಿಕೆ ಬೇರೆ ಬೇರೆ ತೋರಿಸಿ.

ತೂಕ ಹಾಕಿದ ಗಂಟೆಯನ್ನೂ ನೋಡಿ. ಹುಟ್ಟಿದ ಮೊದಲ ಗಂಟೆಯಲ್ಲಿ, ಬಟ್ಟೆಯಿಲ್ಲದೆ ಹಾಕಿದ್ದೇ ಜನನ ತೂಕ. ತಾಯಿಯ ಸ್ವಾಬ್ ವರದಿ ಬರಲಿ ಅಂತ ಮಗುವನ್ನು ಬೇರೆ ಇಟ್ಟು ಮರುದಿನ ತೂಗಿದ್ದರೆ ಆಗಲೇ ಒಂದಷ್ಟು ಇಳಿದಿರುತ್ತದೆ. 3000 ಗ್ರಾಂನಲ್ಲಿ ಶೇ. 5 ಅಂದರೆ 150 ಗ್ರಾಂ. ತಕ್ಕಡಿ ಮೇಲೆ ಹೊಸದಾಗಿ ಪ್ಲಾಸ್ಟಿಕ್ ಹಾಳೆ ಹಾಸಿ ಸೊನ್ನೆ ಮಾಡದಿದ್ದರೆ ತಪ್ಪು ಮೇಲ್ಮುಖವಾಗುತ್ತದೆ. ಎರಡು ತಪ್ಪು ಒಂದನ್ನೊಂದು ಮುಚ್ಚಿ ‘ತೂಕ ಒಂದೇ’ ಅನ್ನಿಸುವುದೂ ಉಂಟು.

ತಲೆಸುತ್ತಳತೆಗೆ ಹಿಗ್ಗದ ಟೇಪ್ ಬೇಕು, ದರ್ಜಿಯ ಟೇಪ್ ಬೇಡ. ಹುಬ್ಬಿನ ಮೇಲಿಂದ ಹಿಂದಲೆಯ ಉಬ್ಬಿನವರೆಗೆ ಸುತ್ತಿ, ಅತಿ ದೊಡ್ಡ ಅಳತೆ ಬರೆಯಿರಿ. ಹೆರಿಗೆಯಲ್ಲಿ ತಲೆ ಊದಿದ್ದರೆ, ಒತ್ತಿದ್ದರೆ 24–48 ಗಂಟೆ ಬಿಟ್ಟು ಮತ್ತೆ ಅಳೆಯಬೇಕು. ಬೇಗ ಡಿಸ್ಚಾರ್ಜ್ ಮಾಡಿದ ಕಡೆ ಅದು ತಪ್ಪಿರುತ್ತದೆ. ಖಾಲಿ ಜಾಗಕ್ಕೆ ಸರಾಸರಿ ತುಂಬಬೇಡಿ. ಎಷ್ಟು ಖಾಲಿ ಅನ್ನುವುದೇ ಒಂದು ಫಲಿತಾಂಶ.

ಉತ್ತರ (ಸಮುದಾಯ ವೈದ್ಯಕೀಯ ವಿಭಾಗದ ಅಧ್ಯಾಪಕ): ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಲಾಕ್‌ಡೌನ್ ಶುರುವಾದದ್ದು 2020ರ ಮಾರ್ಚ್ 25. ಏಪ್ರಿಲ್‌ನಲ್ಲಿ ದಿನ ತುಂಬಿ ಹುಟ್ಟಿದ ಮಗು ಎಂಟು ತಿಂಗಳು ಹೊಟ್ಟೆಯಲ್ಲಿ ಮಾಮೂಲಿಯಾಗಿ ಬೆಳೆದಿತ್ತು. ಆ ದಿನ ಕೊನೆಯ ಮುಟ್ಟಾದ ತಾಯಿಗೆ ದಿನ ತುಂಬುವುದು ಡಿಸೆಂಬರ್ 30ಕ್ಕೆ. ಇಡೀ ಗರ್ಭಾವಧಿಯ ಪರಿಣಾಮ ಬೇಕಿದ್ದರೆ 2021ರ ಹೆರಿಗೆಗಳನ್ನು ತೆಗೆದುಕೊಳ್ಳಿ.

ಬಂದವರು ಯಾರು ಅನ್ನುವುದೂ ಮುಖ್ಯ. ಬಸ್ಸಿಲ್ಲದೆ ಚೊಚ್ಚಲ ಬಸುರಿಯರು ತವರಿಗೆ ಹೋಗಲಾಗದೆ ಉಳಿದಿರಬಹುದು, ಜಿಲ್ಲಾಸ್ಪತ್ರೆ ಕೋವಿಡ್‌ಗೆ ಮೀಸಲಾದರೆ ಕಷ್ಟದ ಕೇಸುಗಳು ಇಲ್ಲಿಗೇ ಬಂದಿರಬಹುದು. ಚೊಚ್ಚಲು, ಅವಳಿ, ಬಿಪಿ, ಸಿಸೇರಿಯನ್ ಪ್ರಮಾಣ ಎರಡೂ ವರ್ಷಕ್ಕೆ ಪಕ್ಕಪಕ್ಕ ಇಡಿ. ಸರಾಸರಿಯ ಬದಲು ಇಂಟರ್‌ಗ್ರೋತ್-21 ಎಂಬ ಅಂತರರಾಷ್ಟ್ರೀಯ ನವಜಾತ ಶಿಶು ಅಳತೆಯ ಕೋಷ್ಟಕದಲ್ಲಿ ಗರ್ಭದ ವಾರ, ಲಿಂಗಕ್ಕೆ ತಕ್ಕ ಝಡ್ ಸ್ಕೋರ್ (ಮಗುವಿನ ಅಳತೆ ಮಾನದಂಡದ ಸರಾಸರಿಯಿಂದ ಎಷ್ಟು ದೂರ ಎಂಬ ಅಂಕಿ) ತೆಗೆಯಿರಿ. ಆದರೆ ಮೊದಲ ಸ್ಕ್ಯಾನ್ ತಪ್ಪಿದವರ ವಾರಗಳನ್ನು ನಂಬಬೇಡಿ, ಬೇರೆ ಗುಂಪು ಮಾಡಿ.

ಪ್ರಶ್ನೆ: ಸರ್, ಈಗ ಹುಟ್ಟುವ ಮಕ್ಕಳನ್ನಾದರೂ ಸರಿಯಾಗಿ ಅಳೆಯಬಹುದಲ್ಲ?

ಉತ್ತರ: ಅಳೆಯಿರಿ. ಇಬ್ಬರು ಬೇರೆ ಬೇರೆಯಾಗಿ ಅಳೆದು, ಉದ್ದದಲ್ಲಿ 7 ಮಿಮೀ, ತಲೆಯಲ್ಲಿ 5 ಮಿಮೀ ಮೀರಿ ಅಂತರ ಬಂದರೆ ಇಬ್ಬರೂ ಮತ್ತೆ ಅಳೆಯಲಿ. ತಕ್ಕಡಿಯನ್ನು ದಿನಾ ಬೆಳಿಗ್ಗೆ 2 ಕೆಜಿ ತೂಕದ ಕಲ್ಲಿಟ್ಟು ನೋಡಿ, ಫ್ಯಾನ್ ಆರಿಸಿ. ಆದರೆ ಆ ಅಂಕಿಗಳನ್ನು 2019ರ ರಿಜಿಸ್ಟರ್ ಜೊತೆ ಹೋಲಿಸಬೇಡಿ.