‘ಲೈನ್’ಗೆ ಯಾವ ಪದ: ರೇಖೆಯೋ, ಮಾರ್ಗವೋ, ತಂತಿಯೋ?

ಹೋದ ವಾರ ಕಲಬುರಗಿಯ ನಮ್ಮ ಅಚ್ಚಿನ ಅಂಗಡಿಗೆ ಒಂದು ಕಚೇರಿಯಿಂದ ಎಚ್ಚರಿಕೆಯ ಬೋರ್ಡಿನ ಬರಹ ಬಂತು. ಹೊಲಗಳ ಬದಿಗೆ ನಿಲ್ಲಿಸುವ ಬೋರ್ಡು. ‘ಜೀವಂತ ರೇಖೆಯನ್ನು ಸ್ಪರ್ಶಿಸಬೇಡಿ’ ಎಂದಿತ್ತು. ‘ಲೈವ್ ಲೈನ್’ ಎಂಬುದನ್ನು ಯಾರೋ ನಿಘಂಟು ನೋಡಿ ಹೀಗೆ ತಂದಿದ್ದಾರೆ. ಡಿಟಿಪಿ ಮಾಡುವವನಾದ ನನ್ನ ಕೆಲಸ ಇದ್ದದ್ದನ್ನು ಜೋಡಿಸಿ ಕೊಡುವುದು, ಆದರೂ ಕೈ ಮುಂದೆ ಹೋಗಲಿಲ್ಲ. ಮೊಮ್ಮಗಳ ಲಗ್ನಪತ್ರಿಕೆಗೆಂದು ಚಿತ್ತಾಪುರ ಕಡೆಯಿಂದ ಬಂದು ಕೂತಿದ್ದ ಅಜ್ಜನೊಬ್ಬರ ಕಡೆ ಪರದೆ ತಿರುಗಿಸಿದೆ. ಕನ್ನಡಕ ಸರಿಮಾಡಿಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿ, ತಮ್ಮ ಅಂಗೈ ನನ್ನ ಮುಂದೆ ಹಿಡಿದರು.

‘ತಮ್ಮಾ, ರೇಖಿ ಅಂದ್ರ ಇದಾ ಏನು? ಇದು ಮುಟ್ಟಿದ್ರ ಏನಾಗ್ತದ?’

‘ಕಂಬದ ಮ್ಯಾಲಿಂದು ಲೈನ್ ರೀ ಅಜ್ಜಾರ’ ಅಂದೆ.

‘ಹಂಗಂದ್ರ ಕರೆಂಟಿನ ತಂತಿ ಅಂತ ಬರಿ.’

ಅಂದಿನಿಂದ ಈ ‘ಲೈನ್’ ನನ್ನ ತಲೆಯಲ್ಲಿ ಕೂತಿದೆ. ರೇಖೆ ಕಾಗದದ ಮೇಲೆ ಎಳೆಯುವಂಥದ್ದು, ಕಣ್ಣಿಗೆ ಕಾಣುವಂಥದ್ದು. ಕೈಯಿಂದ ಹಿಡಿಯುವ ವಸ್ತುವಲ್ಲ. ಇಂಗ್ಲಿಷಿನ ‘ಲೈನ್’ ಮಾತ್ರ ಹುಟ್ಟಿದ್ದೇ ಹಿಡಿಯುವ ವಸ್ತುವಾಗಿ. ಲ್ಯಾಟಿನ್ನಿನಲ್ಲಿ ಅಗಸೆ ಗಿಡಕ್ಕೆ ‘ಲೀನುಮ್’, ಅದರ ನಾರಿನಿಂದ ಹೊಸೆದ ದಾರಕ್ಕೆ ‘ಲೀನೆಯಾ’. ಲಿನನ್ ಬಟ್ಟೆ, ಲಿನ್ಸೀಡ್ ಎಣ್ಣೆ, ಅಂಗಿಯ ಒಳಗಿನ ಲೈನಿಂಗ್ ಎಲ್ಲಕ್ಕೂ ಬೇರು ಅದೇ. ಅಗಸೆ ಅಂದರೆ ನಾವು ಜೋಳದ ರೊಟ್ಟಿಗೆ ಹಿಂಡಿ ಮಾಡಿಕೊಳ್ಳುವ ಅಗಸಿ (ಊರ ಬಾಗಿಲಿಗೂ ನಾವು ಅಗಸಿ ಅನ್ನುತ್ತೇವೆ, ಅದು ಬೇರೆ). ಗೌಂಡಿ ಗೋಡೆ ಕಟ್ಟುವಾಗ ಈ ತುದಿಯಿಂದ ಆ ತುದಿಗೆ ಬಿಗಿದು ಕಟ್ಟುವ ದಾರವನ್ನು ನೋಡಿದರೆ ಆ ಮೊದಲ ಅರ್ಥ ಕಣ್ಣೆದುರೇ ಇದೆ. ಉಳಿದ ಅರ್ಥಗಳೆಲ್ಲ ಆಮೇಲೆ ಆ ದಾರದ ಹಿಂದೆ ಬಂದವು.

ನಮ್ಮಲ್ಲಿ ಒಂದೊಂದು ಅರ್ಥಕ್ಕೂ ಬೇರೆ ಮಾತು ಮೊದಲೇ ಇದೆ. ರೇಷನ್ ಅಂಗಡಿ ಮುಂದೆ ‘ಪಾಳಿ ಹಚ್ಚ್ಯಾರ’. ಪಟ್ಟಿಯಲ್ಲಿ ಗೀಟು. ತೊಗರಿ ಬಿತ್ತಿದ್ದು ಸಾಲು, ಬರಹದ್ದೂ ಸಾಲೇ. ಹೊಲಕ್ಕೂ ಪುಸ್ತಕಕ್ಕೂ ಒಂದೇ ಪದ ಇರುವುದು ನನಗೆ ಬಹಳ ಪ್ರೀತಿಯ ಸಂಗತಿ. 2017ರಲ್ಲಿ ಬೀದರ್‌ಗೆ ರೈಲು ಬಿಟ್ಟ ಮೇಲೆ ‘ಬೀದರ್ ಲೈನ್’ ಎಂಬುದು ಎಲ್ಲರ ಬಾಯಲ್ಲಿದೆ. ಅದನ್ನು ‘ರೈಲು ಮಾರ್ಗ’ ಎಂದು ಬರೆದರೂ ಓದುವವರಿಗೆ ತೊಡಕಿಲ್ಲ, ಅದರ ಮೇಲೆ ಗಾಡಿ ಹೋಗುತ್ತದಲ್ಲ.

ತೊಡಕು ಬರುವುದು ಕರೆಂಟಿನ ವಿಷಯಕ್ಕೆ. ಕಾಗದಪತ್ರಗಳಲ್ಲಿ ‘ವಿದ್ಯುತ್ ಮಾರ್ಗ’ ಎಂದಿದೆ, ಲೈನ್‌ಮನ್‌ಗೆ ಹಿಂದೆ ‘ಮಾರ್ಗದಾಳು’ ಎಂದು ಬರೆಯುತ್ತಿದ್ದರು. ಇಂಥ ‘ಮಾರ್ಗ’ ಎಲ್ಲಿ ಮೋಸ ಮಾಡುತ್ತದೆ ಎಂಬುದು ‘ಲೈನ್ ಕ್ಲಿಯರ್’ ನೋಡಿದಾಗ ನನಗೆ ಹೊಳೆಯಿತು. ರೈಲ್ವೆಯಲ್ಲಿ ಮುಂದಿನ ಸ್ಟೇಷನ್ನಿನವರು ಲೈನ್ ಕ್ಲಿಯರ್ ಕೊಟ್ಟರೆ ಹಳಿ ಖಾಲಿ ಇದೆ, ಗಾಡಿ ಬಿಡಬಹುದು ಎಂದರ್ಥ. ಕಂಬ ಹತ್ತುವವರೂ ಸಬ್‌ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ತೆಗೆದುಕೊಳ್ಳುತ್ತಾರೆ. ಚುಟುಕಾಗಿ ‘ಎಲ್‌ಸಿ ತಗೊಂಡಾರ’ ಅನ್ನುವುದು. ಇಲ್ಲಿ ಅರ್ಥ ಪೂರ್ತಿ ತಿರುವುಮುರುವು: ಕರೆಂಟ್ ನಿಲ್ಲಿಸಿದೆ, ಆಳು ಕೆಳಗಿಳಿದು ಎಲ್‌ಸಿ ವಾಪಸ್ ಕೊಡುವ ತನಕ ಬಿಡುವ ಹಾಗಿಲ್ಲ. ಒಂದು ಕಡೆ ‘ಬಿಡಿ’, ಇನ್ನೊಂದು ಕಡೆ ‘ಬಿಡಬೇಡಿ’. ಎರಡಕ್ಕೂ ‘ಮಾರ್ಗ ಮುಕ್ತವಾಗಿದೆ’ ಎಂದು ಬರೆದುಬಿಟ್ಟರೆ, ಕಂಬದ ಮೇಲೆ ಮನುಷ್ಯ ಇರುವಾಗ ಕೆಳಗಿನವನು ಅದನ್ನು ಹೇಗೆ ಓದಿಕೊಳ್ಳಬೇಕು? ಇಂಥ ಕಡೆ ಪದ ಹುಡುಕುವುದು ಬಿಟ್ಟು ‘ಕರೆಂಟ್ ಬಂದ್ ಮಾಡಿದೆ, ಆಳು ಮೇಲಿದ್ದಾನೆ’ ಎಂದು ಇಡೀ ಸಂಗತಿಯನ್ನೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೋರ್ಡಿಗೆ ಅಜ್ಜ ಹೇಳಿದ ‘ತಂತಿ’ಯನ್ನೇ ಹಾಕಿದ್ದೇನೆ. ‘ತಂತಿ ಅಂದರೆ ಟೆಲಿಗ್ರಾಂ ಅಲ್ಲವೇ’ ಎಂದು ಕಚೇರಿಯವರು ಫೋನಿನಲ್ಲಿ ಕೇಳಿದರು. ತಂತಿ ಬಂತೆಂದರೆ ಮನೆಮಂದಿ ಎದೆ ಹಿಡಿದುಕೊಳ್ಳುತ್ತಿದ್ದ ಕಾಲ ನನಗೂ ನೆನಪಿದೆ, ಆದರೆ 2013ರ ಜುಲೈಯಲ್ಲಿ ಆ ಸೇವೆಯೇ ನಿಂತಿತು. ಈಗ ತಂತಿ ಎಂದರೆ ತಂತಿಯೇ.

ಉಳಿದಿರುವುದು ‘ಲೈವ್’. ನಾನು ‘ಕರೆಂಟ್ ಇರುವ ತಂತಿ’ ಎಂದು ಬರೆದೆ. ಆದರೆ ಬೋರ್ಡು ಓದುವ ರೈತನಿಗೆ ಅದರಲ್ಲಿ ಕರೆಂಟ್ ಇದೆಯೋ ಇಲ್ಲವೋ ಹೇಗೆ ತಿಳಿಯಬೇಕು? ಮಳೆಗಾಳಿಗೆ ಬದುವಿನ ಮೇಲೆ ಬಿದ್ದ ತಂತಿ ನೋಡುವುದಕ್ಕೆ ಸತ್ತ ಹಾವಿನ ಹಾಗೆ ಸುಮ್ಮನೆ ಬಿದ್ದಿರುತ್ತದೆ. ಅದಕ್ಕೇ ‘ಹರಿದು ಬಿದ್ದ ತಂತಿ ಮುಟ್ಟಬೇಡಿ’ ಎಂದರೆ ಸಾಕೇ? ‘ಹರಿದು’ ನಮ್ಮ ಕಡೆ ಕಡಿದದ್ದಕ್ಕೂ ಸಲ್ಲುತ್ತದೆ. ಬೇರೆ ಕಡೆಯವರು ಹರಿಯುವ ನೀರು ಅಂದುಕೊಂಡಾರೇ? ಬೀದರ್, ಯಾದಗಿರಿ ಕಡೆಯ ಹೊಲಗಳಲ್ಲಿ ಇಂಥ ತಂತಿಗೆ ಏನನ್ನುತ್ತೀರಿ, ದಯವಿಟ್ಟು ತಿಳಿಸಿ. ಸೋಮವಾರ ಬೋರ್ಡು ಅಚ್ಚಿಗೆ ಹೋಗಬೇಕು.