ಸಹಾಯ ಬೇಕು: ನಾಯಿಯ ಗಾಯದಲ್ಲಿ ಮತ್ತೆ ಮತ್ತೆ ಹುಳು

ನಾವು ನೋಡಿಕೊಳ್ಳುತ್ತಿರುವ ನಾಯಿಯ ಕಿವಿಯ ಹಿಂದೆ ಗಾಯವಾಗಿ ಹುಳು ಬಿದ್ದಿದೆ. ಮೇಲಿಂದ ನೋಡಿದರೆ ಸಣ್ಣ ತೂತು ಅಷ್ಟೇ. ಟಾರ್ಚ್ ಹಿಡಿದರೆ ಒಳಗೆಲ್ಲ ಬಿಳಿ ಹುಳುಗಳು, ತಲೆ ಮಾಂಸದೊಳಗೆ, ಬಾಲ ಹೊರಗೆ, ಒತ್ತೊತ್ತಾಗಿ ಮಿಸುಕಾಡುತ್ತಿವೆ. ಅವು ಉಸಿರಾಡುವುದೇ ಬಾಲದ ತುದಿಯಿಂದ. ಪಾಪ, ಕತ್ತು ಅಲ್ಲಾಡಿಸಲೂ ಆಗುತ್ತಿಲ್ಲ ಅದಕ್ಕೆ.

ಪಶುವೈದ್ಯರು ಸಿಕ್ಕಷ್ಟನ್ನು ಚಿಮುಟದಲ್ಲಿ ತೆಗೆದು, ತೊಳೆದು, ಆಂಟಿಬಯೋಟಿಕ್ ಕೊಟ್ಟಿದ್ದಾರೆ. ಆದರೂ ಮತ್ತೆ ಸಣ್ಣ ಹುಳುಗಳು ಕಾಣುತ್ತಿವೆ. ನೊಣದ ಮೊಟ್ಟೆ ಒಂದು ದಿನದೊಳಗೇ ಒಡೆಯಬಹುದು. ಹಾಗಾದರೆ ಇವು ಹೊಸವಾ, ಆಳದಲ್ಲಿ ಉಳಿದವಾ? ಗಾಯ ಕಟ್ಟಬೇಕಾ, ತೆರೆದಿಡಬೇಕಾ? ಹುಳು ಸಾಯಿಸುವ ನೈಟೆನ್‌ಪೈರಾಮ್ ಮಾತ್ರೆ ಕೊಟ್ಟು ನೋಡಿದವರಿದ್ದರೆ ಅನುಭವ ಹೇಳಿ, ವೈದ್ಯರ ಹತ್ತಿರ ಕೇಳುತ್ತೇನೆ. ಹುಳುವಿಗೆ ಕೊಡುವ ಇನ್ನೊಂದು ಔಷಧಿ ಐವರ್‌ಮೆಕ್ಟಿನ್ ಬಗ್ಗೆ ಭಯವಿದೆ. ಕೋಲಿ ತಳಿಯ ಕೆಲವು ನಾಯಿಗಳಿಗೆ ಅದು ಆಗಿಬರುವುದಿಲ್ಲ, ಇದು ಯಾವ ಮಿಶ್ರತಳಿಯೋ ಗೊತ್ತಿಲ್ಲ.

ಸೀಮೆಎಣ್ಣೆ, ಫಿನೈಲ್ ಸುರಿಯಿರಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಹಸಿ ಗಾಯ ಸುಡುತ್ತದೆ, ಕಾಲಲ್ಲಿ ಕೆರೆದು ನೆಕ್ಕಿದರೆ ವಿಷ.

ಇನ್ನೊಂದು ಚಿಂತೆ. ಮನೆಯಲ್ಲಿ ಹಾಸಿಗೆ ಹಿಡಿದ ತಾತ ಇದ್ದಾರೆ. ಸಕ್ಕರೆ ಕಾಯಿಲೆ, ಪಾದದಲ್ಲಿ ಹುಣ್ಣು, ಅಲ್ಲಿ ಸ್ಪರ್ಶವೇ ಇಲ್ಲ. ಹುಳು ನಾಯಿಯಿಂದ ನೇರವಾಗಿ ಹರಡುವುದಿಲ್ಲ, ಸರಿ. ಆದರೆ ನೊಣ ಮನುಷ್ಯರ ಗಾಯದ ಮೇಲೂ ಮೊಟ್ಟೆ ಇಡುತ್ತದೆ ಅಲ್ವಾ? ಬಲಿತ ಹುಳು ಉದುರಿ ಮಣ್ಣಿನಲ್ಲಿ ಕೋಶ ಕಟ್ಟಿ ನೊಣವಾಗುತ್ತದೆ, ಹಾಗಾಗಿ ನಾಯಿ ಮಲಗುವ ಜಾಗ ದಿನಾ ತೊಳೆಯುತ್ತಿದ್ದೇವೆ. ತಾತನಿಗೆ ಹಗಲಲ್ಲೂ ಸೊಳ್ಳೆಪರದೆ ಕಟ್ಟಿದ್ದೇವೆ. ಇಂಥ ರೋಗಿಗಳನ್ನು ನೋಡಿಕೊಂಡವರು, ನರ್ಸ್‌ಗಳು ಯಾರಾದರೂ ಇದ್ದರೆ, ಡ್ರೆಸ್ಸಿಂಗ್ ಬದಲಿಸುವಾಗ ಮೊದಲು ಏನನ್ನು ಗಮನಿಸಬೇಕು ಹೇಳಿ.