700 ಡಿಗ್ರಿಯಲ್ಲಿ ಅಲಾಯ್ 718 ಬೋಲ್ಟ್ ಸಡಿಲವಾಗುವುದೇಕೆ?

ಪ್ರಶ್ನೆ: ಫರ್ನೇಸ್ ಫ್ಲ್ಯಾಂಜ್‌ನಲ್ಲಿ (ಬೋಲ್ಟ್ ಹಾಕಿ ಜೋಡಿಸುವ ಅಂಚು) ಅಲಾಯ್ 718 ಎಂಬ ನಿಕ್ಕಲ್ ಮಿಶ್ರಲೋಹದ ಬೋಲ್ಟ್‌ಗಳಿವೆ, ಲೋಹದ ತಾಪ 700 ಡಿಗ್ರಿ ಸೆಲ್ಸಿಯಸ್. ಟಾರ್ಕ್ ಸರಿಯಾಗಿಯೇ ಕೊಟ್ಟರೂ ಕೆಲವೇ ವಾರಗಳಲ್ಲಿ ಬಿಗಿ ಹೋಗುತ್ತದೆ. ಒಂದೂ ಮುರಿದಿಲ್ಲ. ಮತ್ತೆ ಏಜಿಂಗ್ (ಗಟ್ಟಿಯಾಗಲೆಂದು ಹದವಾಗಿ ಕಾಯಿಸಿಡುವುದು) ಮಾಡಿದರೆ ಸರಿಹೋಗುತ್ತದಾ?

ಉತ್ತರ: ಇದು ಸ್ಟ್ರೆಸ್ ರಿಲ್ಯಾಕ್ಸೇಶನ್, ಅಂದರೆ ಒಳಗಿನ ಎಳೆತ ತಾನಾಗಿ ಇಳಿಯುವುದು. ಬೋಲ್ಟ್‌ನ ಒಟ್ಟು ಉದ್ದ ಬದಲಾಗುವುದಿಲ್ಲ. ಒಳಗಿನ ಸ್ಥಿತಿಸ್ಥಾಪಕ ಹಿಗ್ಗುವಿಕೆ ನಿಧಾನವಾಗಿ ಕ್ರೀಪ್ (ಬಿಸಿಯಲ್ಲಿ ಲೋಹ ನಿಧಾನವಾಗಿ ಹಿಗ್ಗುವುದು) ಆಗಿ ಶಾಶ್ವತವಾಗುತ್ತದೆ, ಬಿಗಿ ಇಳಿಯುತ್ತದೆ. 718ಕ್ಕೆ ಬಲ ಕೊಡುವುದು ಮುಖ್ಯವಾಗಿ ನಿಯೋಬಿಯಂ ಇರುವ ಗ್ಯಾಮಾ ಡಬಲ್ ಪ್ರೈಮ್ ಎಂಬ ಅತಿ ಸಣ್ಣ ಕಣಗಳು. ಸುಮಾರು 650 ಡಿಗ್ರಿ ದಾಟಿದರೆ ಅವು ದಪ್ಪಗಾಗಿ, ಕ್ರಮೇಣ ಬಲ ಕೊಡದ ಡೆಲ್ಟಾ ಎಂಬ ಫಲಕಗಳಾಗುತ್ತವೆ. ಬಿಚ್ಚಿದ ಬೋಲ್ಟ್‌ನ ಬಿಸಿ ಭಾಗ ಮತ್ತು ತಲೆ, ಎರಡರ ಗಡಸುತನ ಅಳೆದು ಹೋಲಿಸಿ; ಬಿಸಿ ಭಾಗ ಮೆತ್ತಗಾಗಿದ್ದರೆ ಇದೇ ಆಗಿದೆ ಎಂದರ್ಥ.

ಇನ್ನೊಂದು ಉತ್ತರ: ಬರೀ ಏಜಿಂಗ್‌ನಿಂದ ಡೆಲ್ಟಾ ಕರಗಲ್ಲ. 980 ಡಿಗ್ರಿಯಲ್ಲಿ 1 ಗಂಟೆ ಸಲ್ಯೂಷನ್ (ಕಣಗಳನ್ನು ಲೋಹದಲ್ಲಿ ಕರಗಿಸಲು ಕಾಯಿಸುವುದು), 720ರಲ್ಲಿ 8 ಗಂಟೆ, ಗಂಟೆಗೆ 55 ಡಿಗ್ರಿಯಂತೆ 620ಕ್ಕೆ ಇಳಿಸಿ ಮತ್ತೆ 8 ಗಂಟೆ, ಹೀಗೆ ಪೂರ್ತಿ ಸೈಕಲ್ ಮಾಡಿದರೂ 700ರಲ್ಲಿ ಅದೇ ಕಥೆ. ಬಲಕ್ಕೆ ಗ್ಯಾಮಾ ಪ್ರೈಮ್ ಎಂಬ ಬೇರೆ ಬಗೆಯ ಕಣಗಳನ್ನು ನಂಬಿರುವ ಮಿಶ್ರಲೋಹಗಳಾದ ನಿಮೋನಿಕ್ 80ಎ ಅಥವಾ ವಾಸ್ಪಲಾಯ್‌ಗೆ ಬದಲಾಯಿಸಿ.

ದಯವಿಟ್ಟು ಥ್ರೆಡ್‌ಗೆ ಮಾಲಿಬ್ಡಿನಂ ಡೈಸಲ್ಫೈಡ್ ಗ್ರೀಸ್ ಹಚ್ಚಬೇಡಿ. ಗಂಧಕ ನಿಕ್ಕಲ್ ಜೊತೆ ಸೇರಿದರೆ ಸುಮಾರು 640 ಡಿಗ್ರಿಯಲ್ಲೇ ಕರಗುವ ಮಿಶ್ರಣವಾಗಿ ಗ್ರೇನ್ ಬೌಂಡರಿಯೊಳಗೆ (ಲೋಹದ ಹರಳುಗಳ ನಡುವಿನ ಗಡಿ) ಇಳಿಯುತ್ತದೆ. ಆಗ ಬೋಲ್ಟ್ ಸಡಿಲವಾಗಲ್ಲ, ಬಿರುಕು ಬಿಡುತ್ತದೆ.